ಮೆರಿಟ್ ಲಿಸ್ಟಿನಲ್ಲಿ ಹೆಸರು ಬಂತು, ಹುಡುಗ ನಾಪತ್ತೆ!

ಸೇನಾ ಭರ್ತಿ ರ‍್ಯಾಲಿ ಮುಗಿಯುವವರೆಗೆ ಬೆಳಗಿನ ಜಾವವೇ ಮೈದಾನಕ್ಕಿಳಿಯುತ್ತಿದ್ದ ಹುಡುಗ, ಅಗ್ನಿವೀರ ಪಟ್ಟಿಯಲ್ಲಿ ಹೆಸರು ಬಂದದ್ದೇ ತಡ, ಮೈದಾನದ ಕಡೆ ತಲೆ ಹಾಕುವುದಿಲ್ಲ. ಹಾರ, ತುರಾಯಿ, ಗೆಳೆಯರ ಪಾರ್ಟಿ. ಹೊರಡುವ ದಿನದ ಹೊತ್ತಿಗೆ ಮೈ ಭಾರ. ಮುಂದಿರುವುದು 31 ವಾರಗಳ ಸೇನಾ ತರಬೇತಿ. ಹುಡುಗರನ್ನು ತಯಾರು ಮಾಡುವ ಮಾಜಿ ಸೈನಿಕರು, ಪಿ.ಟಿ. ಮೇಷ್ಟ್ರುಗಳು ಈ ನಡುವಿನ ದಿನಗಳನ್ನು ಫೋನಿನ ಮೂಲಕವೇ ಸಂಭಾಳಿಸಬಹುದು.

1. ಆಯ್ಕೆಯಾದವರದ್ದೇ ಒಂದು ವಾಟ್ಸ್ಆ್ಯಪ್ ಗ್ರೂಪ್ ಮಾಡಿ. ಹಗಲೆಲ್ಲ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತಿರಲಿ, ಸಂಜೆ ಒಂದು ತಾಸು ಎಲ್ಲರಿಗೂ ಬಿಡಿ. ಇಲ್ಲವಾದರೆ ಗುಡ್ ಮಾರ್ನಿಂಗ್ ಹೂಗಳ ನಡುವೆ ನಿಮ್ಮ ಸೂಚನೆಯನ್ನು ಹುಡುಕಬೇಕಾದೀತು.

2. ಓಟದ ಲೆಕ್ಕಕ್ಕೆ ಸ್ಟ್ರಾವಾದಂಥ ಆ್ಯಪ್ ಸಾಕು. ಆದರೆ ಮೊದಲು ಪ್ರೈವಸಿ ಸೆಟ್ಟಿಂಗ್ ಸರಿಮಾಡಿಸಿ, ಓಡಿದ ದಾರಿ ಬೇರೆಯವರಿಗೆ ಕಾಣಕೂಡದು. ಸ್ಟ್ರಾವಾ ಪ್ರಕಟಿಸಿದ್ದ ನಕ್ಷೆಯಲ್ಲಿ ಸೈನಿಕರು ಓಡಿದ ಗೆರೆಗಳಿಂದಲೇ ಸೇನಾ ನೆಲೆಗಳು ಎದ್ದುಕಂಡದ್ದು 2018ರಲ್ಲಿ ಜಗತ್ತಿನ ಸುದ್ದಿಯಾಗಿತ್ತು. ಈ ಎಚ್ಚರ ಈಗಲೇ ರೂಢಿಯಾಗಲಿ. ಗ್ರೂಪಿನಲ್ಲಿ ಯಾರು ಮೊದಲು ಎಂಬ ಪೈಪೋಟಿ ಮಾತ್ರ ಬೇಡ. ಹಟಕ್ಕೆ ಬಿದ್ದು ಒಮ್ಮೆಲೇ ದೂರ ಹೆಚ್ಚಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋವು ಶುರು. ನೋವಿದ್ದವನು ನಾಚಿಕೆಪಡದೆ ನಿಮಗೆ ಪ್ರತ್ಯೇಕವಾಗಿ ತಿಳಿಸುವಂತಿರಬೇಕು.

3. ನನಗೆ ಬಹಳ ಮುಖ್ಯವೆನಿಸುವುದು ವಾಯ್ಸ್ ಮೆಸೇಜ್. ಡ್ರಿಲ್‌ನ ಆದೇಶಗಳೆಲ್ಲ ಹಿಂದಿಯಲ್ಲಿ. 'ಸಾವಧಾನ್', 'ವಿಶ್ರಾಮ್' ಹೇಗೋ ಗೊತ್ತಿರುತ್ತದೆ. 'ದಾಹಿನೇ ಮುಡ್' (ಬಲಕ್ಕೆ ತಿರುಗು) ಎಂದಾಗ ನಮ್ಮ ಹಳ್ಳಿ ಹುಡುಗ ಪಕ್ಕದವನ ಕಡೆ ನೋಡಿ ತಿರುಗುತ್ತಾನೆ, ತಡವಾಗುತ್ತದೆ. ದಿನಕ್ಕೆರಡು ಆದೇಶ, ಮೈದಾನದಲ್ಲಿ ಕೂಗುವ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಅವನು ಅಂಗಳದಲ್ಲಿ ತಿರುಗುವ ವಿಡಿಯೊ ವಾಪಸ್ ಬರಲಿ.

4. ಅಂಕಪಟ್ಟಿ, ಆಧಾರ್, ಕಾಲ್ ಲೆಟರ್ ಗ್ರೂಪಿಗಾಗಲಿ ಸ್ಟೇಟಸ್ಸಿಗಾಗಲಿ ಹಾಕಕೂಡದು. ಬೇಕಾದ ದಾಖಲೆಗಳ ಪಟ್ಟಿ ಮಾತ್ರ ಹಾಕಿ. 'ಒಳ್ಳೇ ಸೆಂಟರ್ ಕೊಡಿಸ್ತೀನಿ' ಎಂದು ದುಡ್ಡು ಕೇಳುವ ಕರೆ ಬಂದರೆ ಮೋಸವೆಂದೇ ತಿಳಿಯಿರಿ. ಹೊರಡುವ ದಿನಾಂಕಕ್ಕೆ ಸೇನಾ ನೇಮಕಾತಿ ಕಚೇರಿಯ ಮಾತೇ ಮಾತು.

5. ಮನೆಯವರೊಂದಿಗೆ ಒಮ್ಮೆ ವಿಡಿಯೊ ಕರೆ ಮಾಡಿ. ತರಬೇತಿಯಲ್ಲಿ ಫೋನ್ ಬಳಕೆಗೆ ಕಡಿವಾಣವಿರುತ್ತದೆ. ಮಗ ನಾಲ್ಕು ದಿನ ಮಾತಾಡದಿದ್ದರೆ ಗಾಬರಿಯಾಗಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿ. ಹುಡುಗರೂ ಕೊನೆಯ ವಾರ ರಾತ್ರಿ ಒಂಬತ್ತಕ್ಕೇ ಫೋನ್ ಮನೆಯವರ ಕೈಗೆ ಕೊಟ್ಟು ಮಲಗಲಿ.

ಹೊರಟವನನ್ನು ಅಂದೇ ಗ್ರೂಪಿನಿಂದ ತೆಗೆಯಿರಿ. ತರಬೇತಿ ಕೇಂದ್ರದೊಳಗಿನ ಫೋಟೊ, ವಿಡಿಯೊ ಗ್ರೂಪಿಗೆ ಬರುವಂತಿಲ್ಲ.