ಮಳೆಗಾಲದಲ್ಲೂ ನಿಲ್ಲುವ ಗಮ್‌ಪೇಸ್ಟ್ ಗುಲಾಬಿ: ನಾನು ಮಾಡುವ ಕ್ರಮ

ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟಾದ ಫಾಂಡೆಂಟ್ ಮೆತ್ತಗೇ ಇರಬೇಕು, ಕೇಕಿನ ಜೊತೆಗೇ ಚಾಕುವಿಗೆ ಕತ್ತರಿಸಿಕೊಳ್ಳಬೇಕು. ಹೂ ಮಾಡುವ ಸಕ್ಕರೆ ಹಿಟ್ಟಾದ ಗಮ್‌ಪೇಸ್ಟ್‌ನ ಗುಣ ಬೇರೆ. ಅದು ಕಾಗದದಷ್ಟು ತೆಳ್ಳಗೆ ಹಿಗ್ಗಬೇಕು, ಆಮೇಲೆ ಒಣಗಿ ಪಿಂಗಾಣಿಯಂತೆ ಗಟ್ಟಿಯಾಗಬೇಕು. ಸಕ್ಕರೆಗೆ ಗಾಳಿಯ ತೇವ ಹೀರುವ ಸ್ವಭಾವ ಇರುವುದರಿಂದ ಹಿಟ್ಟು ಯಾವ ಹೊತ್ತಿಗೆ ಎಷ್ಟು ಒಣಗಿದೆ ಎಂಬುದನ್ನು ಬೆರಳಿಗೆ ಕಲಿಸುವುದೇ ಈ ಕೆಲಸದ ಮೊದಲ ಪಾಠ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಇದು ಗೊತ್ತು. ಜನವರಿಯ ಒಣಹವೆಯಲ್ಲಿ ಗರಿಗರಿಯಾಗಿ ನಿಲ್ಲುವ ಅಚ್ಚು ಜುಲೈನಲ್ಲಿ ಬೆವರುತ್ತದೆ.

ಮೊಟ್ಟೆಯ ಬಿಳಿಭಾಗ ಹಾಕಿದ ಹಿಟ್ಟು ಹೆಚ್ಚು ಹಿಗ್ಗುತ್ತದೆ. ಆದರೆ ನನ್ನಲ್ಲಿ ಕೇಕ್ ಕೇಳುವವರಲ್ಲಿ ಬಹುಪಾಲು ಮಂದಿಗೆ ಎಗ್‌ಲೆಸ್ ಬೇಕು. ಜೆಲಾಟಿನ್ ಪ್ರಾಣಿಮೂಲದ್ದು, ಅದೂ ಆಗುವುದಿಲ್ಲ. ಹಾಗಾಗಿ ನನ್ನ ಅಳತೆ ಇದು: ಐಸಿಂಗ್ ಶುಗರ್ 450 ಗ್ರಾಂ, ಟೈಲೋಸ್ ಪುಡಿ ಒಂದು ಟೇಬಲ್ ಚಮಚ, ಲಿಕ್ವಿಡ್ ಗ್ಲೂಕೋಸ್ ಒಂದು ಟೇಬಲ್ ಚಮಚ, ಬೆಚ್ಚಗಿನ ನೀರು 80 ಮಿ.ಲೀ., ಕೊನೆಯಲ್ಲಿ ಎರಡು ಟೀ ಚಮಚ ವನಸ್ಪತಿ. ಟೈಲೋಸ್ ಎಂದರೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂಬ ಅಂಟುಪುಡಿ. ಅಂಗಡಿಯಲ್ಲಿ ಸಿಎಂಸಿ ಎಂದು ಕೇಳಿದರೂ ಕೊಡುತ್ತಾರೆ, ಪೊಟ್ಟಣದ ಮೇಲೆ ಐಎನ್‌ಎಸ್ 466 ಎಂದಿರುತ್ತದೆ. ಅಂಟಿನುಂಡೆಗೆ ಹಾಕುವ ಅಂಟನ್ನೇ ಪುಡಿ ಮಾಡಿ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ, ಹಿಟ್ಟಿಗೆ ಈ ಹಿಗ್ಗುವ ಗುಣ ಅದರಿಂದ ಬರುವುದಿಲ್ಲ.

ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಬೇಡ. ನಾಲಿಗೆಗೆ ನುಣ್ಣಗೆನಿಸಿದರೂ ಅದರಲ್ಲಿ ಸಣ್ಣ ಹರಳು ಉಳಿದಿರುತ್ತದೆ. ಎಸಳನ್ನು ತೆಳ್ಳಗೆ ಲಟ್ಟಿಸಿದಾಗ ಆ ಹರಳಿರುವ ಕಡೆಯೇ ಹರಿಯುತ್ತದೆ. ಕೊಂಡ ಐಸಿಂಗ್ ಶುಗರ್ ಅನ್ನೂ ಎರಡು ಸಲ ಜರಡಿ ಹಿಡಿಯುತ್ತೇನೆ. 350 ಗ್ರಾಂ ಸಕ್ಕರೆಗೆ ಟೈಲೋಸ್ ಬೆರೆಸಿ, ಗ್ಲೂಕೋಸ್ ಕರಗಿಸಿದ ನೀರು ಸುರಿದು ಕಲಸಿದರೆ ಕೈಗೆ ಅಂಟುವ ಮುದ್ದೆಯಾಗುತ್ತದೆ. ಆಗ ಗಾಬರಿಯಾಗಿ ಉಳಿದ ಸಕ್ಕರೆಯನ್ನೆಲ್ಲ ಸುರಿಯಬಾರದು. ಟೈಲೋಸ್ ಪೂರ್ತಿ ನೀರು ಕುಡಿಯಲು ಒಂದು ರಾತ್ರಿ ಬೇಕು. ವನಸ್ಪತಿ ಸವರಿ, ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಮುಚ್ಚಿದ ಡಬ್ಬದಲ್ಲಿ 24 ಗಂಟೆ ಬಿಡುತ್ತೇನೆ. ಮರುದಿನ ಉಳಿದ 100 ಗ್ರಾಂನಲ್ಲಿ ಬೇಕಾದಷ್ಟನ್ನೇ ಸೇರಿಸಿ, ಹಪ್ಪಳದ ಹಿಟ್ಟು ನಾದುವಂತೆ ಜಿಡ್ಡು ಕೈಯಲ್ಲಿ ನಾದುತ್ತೇನೆ. ಚೂರು ತೆಗೆದು ಎಳೆದಾಗ ಚಟ್ಟನೆ ತುಂಡಾದರೆ ಹದ ಬಂದಿದೆ. ಚೂಯಿಂಗ್ ಗಮ್ ತರಹ ಜೋತುಬಿದ್ದರೆ ಇನ್ನೂ ಸಕ್ಕರೆ ಬೇಕು.

ಹೂವಿನ ನಡುವಿನ ಮೊಗ್ಗನ್ನು ಎರಡು ದಿನ ಮೊದಲೇ ಮಾಡಿಡಬೇಕು. 18 ಅಥವಾ 20 ಗೇಜ್ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಟೈಲೋಸ್ ಅಂಟು (ಮಾಡುವ ಬಗೆ ಮುಂದಿದೆ) ಸವರಿ, ನೀರಿನ ಹನಿಯ ಆಕಾರದ ಉಂಡೆಗೆ ಚುಚ್ಚುತ್ತೇನೆ. (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. ಎಲೆಗೆ 26, ಮಲ್ಲಿಗೆ ಮೊಗ್ಗಿಗೆ 28 ಅಥವಾ 30.) ಉಂಡೆಯ ಎತ್ತರ, ಎಸಳು ಕತ್ತರಿಸುವ ಅಚ್ಚಾದ ಕಟ್ಟರ್‌ನ ಮೂರನೇ ಎರಡು ಭಾಗ ಇದ್ದರೆ ಸರಿ. ಅದಕ್ಕಿಂತ ದೊಡ್ಡದಾದರೆ ಎಸಳು ತುದಿಯನ್ನು ಮುಚ್ಚದೆ, ಒಳಗಿನ ಬಿಳಿ ಗುಂಡು ಇಣುಕುತ್ತದೆ. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಇದು ಒಂದು ದಿನದಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಒಣಗದ ಮೊಗ್ಗಿಗೆ ಎಸಳು ಸುತ್ತಿದರೆ ಎರಡು ಕೇಡು: ಎಸಳಿನ ಭಾರಕ್ಕೆ ಮೊಗ್ಗು ತಂತಿಯ ಮೇಲೆ ಕೆಳಕ್ಕೆ ಜಾರುತ್ತದೆ, ಮತ್ತು ಒಳಗಿನ ಹಿಟ್ಟು ತಡವಾಗಿ ಒಣಗಿ ಕುಗ್ಗಿದಾಗ ಆಗಲೇ ಗಟ್ಟಿಯಾದ ಹೊರ ಎಸಳು ಸೀಳುತ್ತದೆ.

ಅಂಟು ಎಂದರೆ 30 ಮಿ.ಲೀ. ನೀರಿಗೆ ಕಾಲು ಟೀ ಚಮಚ ಟೈಲೋಸ್. ಮೊದಲಿಗೆ ಗಂಟುಗಂಟಾಗಿ ಕಾಣುತ್ತದೆ, ಬೆಳಗಾಗುವಷ್ಟರಲ್ಲಿ ತಾನೇ ತಿಳಿಯಾಗುತ್ತದೆ. ಬ್ರಷ್ಷಿನಲ್ಲಿ ತೆಳ್ಳಗೆ ಸವರಿದರೆ ಸಾಕು. ಹೆಚ್ಚಾದರೆ ಅಂಟಿಸುವ ಬದಲು ಸಕ್ಕರೆಯನ್ನೇ ಕರಗಿಸಿ ಎಸಳನ್ನು ಜಾರಿಸುತ್ತದೆ.

ಇನ್ನು ಎಸಳು. ಅಡಿಕೆ ಗಾತ್ರದ ಹಿಟ್ಟನ್ನಷ್ಟೇ ಹೊರಗೆ ತೆಗೆದು, ಉಳಿದದ್ದನ್ನು ಮುಚ್ಚಿಡುತ್ತೇನೆ. ಮಣೆಗೆ ವನಸ್ಪತಿಯನ್ನು ಬೆರಳಿನಲ್ಲಿ ಸವರಿ ಒರೆಸಿ, ಹಿಟ್ಟಿನ ಕೆಳಗಿಟ್ಟ ಪತ್ರಿಕೆಯ ಅಕ್ಷರ ಕಾಣುವಷ್ಟು ತೆಳ್ಳಗೆ ಲಟ್ಟಿಸುತ್ತೇನೆ. ಕತ್ತರಿಸಿದ ಎಸಳುಗಳನ್ನು ಪ್ಲಾಸ್ಟಿಕ್ ಹಾಳೆಯ ಕೆಳಗಿಟ್ಟು ಒಂದೊಂದನ್ನೇ ತೆಗೆಯುತ್ತೇನೆ. ಫ್ಯಾನ್ ಕೆಳಗೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಅಂಚು ಒಣಗಿ, ಮುಂದಿನ ಹೆಜ್ಜೆಯಲ್ಲಿ ಸೀಳಾಗಿ ಒಡೆಯುತ್ತದೆ. ಅಂಚು ಒಡೆಯಲು ಇನ್ನೊಂದು ಕಾರಣ ಕಾರ್ನ್‌ಫ್ಲೋರ್. ಅದನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಒಮ್ಮೆ ತಟ್ಟಿದರೆ ಸಾಕು. ಚಪಾತಿಗೆ ಹಾಕುವಂತೆ ಉದುರಿಸಿದರೆ ಹಿಟ್ಟಿನ ನೀರನ್ನೆಲ್ಲ ಅದು ಎಳೆದುಕೊಳ್ಳುತ್ತದೆ.

ಗುಲಾಬಿಗೆ ಜೀವ ಬರುವುದು ಅಂಚಿನಿಂದ. ಎಸಳನ್ನು ಫೋಮ್ ಪ್ಯಾಡ್ ಮೇಲಿಟ್ಟು, ಬಾಲ್ ಟೂಲ್‌ನ (ತುದಿಯಲ್ಲಿ ಗುಂಡಿರುವ ಕಡ್ಡಿ) ಗುಂಡು ಅರ್ಧ ಎಸಳಿನ ಮೇಲೆ, ಅರ್ಧ ಪ್ಯಾಡ್ ಮೇಲೆ ಬರುವಂತೆ ಹಿಡಿದು ಅಂಚಿನುದ್ದಕ್ಕೂ ಒಮ್ಮೆ ಓಡಿಸಬೇಕು. ಕಟ್ಟರ್‌ನ ಚೂಪು ಗೆರೆ ಅಳಿದು ಅಂಚು ತೆಳುವಾಗುತ್ತದೆ. ಗುಂಡು ಪೂರ್ತಿ ಎಸಳಿನ ಮೇಲೇ ಇದ್ದರೆ ಅಂಚಿನ ಬದಲು ಒಳಭಾಗ ಬಟ್ಟಲಾಗುತ್ತದೆ. ಒತ್ತಡ ಹೆಚ್ಚಾದರೆ ಅಂಚು ಫ್ರಾಕಿನ ನೆರಿಗೆಯಂತೆ ಏಳುತ್ತದೆ. ಗುಲಾಬಿಯ ಅಂಚಿಗೆ ಅಷ್ಟು ನೆರಿಗೆ ಇರುವುದಿಲ್ಲ. ಒಂದು ನಿಜವಾದ ಹೂ ಕೊಂಡು ಎಸಳು ಎಸಳಾಗಿ ಬಿಚ್ಚಿ ನೋಡುವುದು ಯಾವ ಕ್ಲಾಸಿಗಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ನಂಬಿಕೆ.

ಜೋಡಣೆಯಲ್ಲಿ ನನ್ನ ಲೆಕ್ಕ ಒಂದು, ಮೂರು, ಐದು. ದೊಡ್ಡ ಹೂವಾದರೆ ಇನ್ನೂ ಐದು. ಮೊದಲ ಎಸಳು ಮೊಗ್ಗಿನ ತುದಿಗಿಂತ ಅರ್ಧ ಸೆಂ.ಮೀ. ಮೇಲಿರಬೇಕು, ತುದಿಯಲ್ಲಿ ತೂತು ಉಳಿಯದಂತೆ ಬಿಗಿಯಾಗಿ ಸುತ್ತಬೇಕು. ಮುಂದಿನ ಮೂರು ಅದೇ ಎತ್ತರಕ್ಕೆ, ಮೂರನೆಯದರ ಒಂದು ಬದಿ ಮೊದಲನೆಯದರ ಒಳಗೆ ಸೇರುವಂತೆ. ಇಲ್ಲಿ ನಿಲ್ಲಿಸಿ ಕೆಲವು ಗಂಟೆ ಒಣಗಲು ಬಿಡುತ್ತೇನೆ. ಆ ತಾಳ್ಮೆ ಇಲ್ಲದಿದ್ದರೆ ಐದರ ಸಾಲು ಕೆಳಕ್ಕೆ ಜಗ್ಗುತ್ತದೆ.

ಹೊರ ಎಸಳಿನ ಅಂಚನ್ನು ಟೂತ್‌ಪಿಕ್‌ನಲ್ಲಿ ಹಿಂದಕ್ಕೆ ಸುರುಳಿ ಮಾಡಿ, ಪ್ಲಾಸ್ಟಿಕ್ ಚಮಚದ ಗುಳಿಯಲ್ಲೋ ಹಣ್ಣಿನಂಗಡಿಯ ಸೇಬಿನ ಟ್ರೇಯಲ್ಲೋ 15ರಿಂದ 20 ನಿಮಿಷ ಇಡುತ್ತೇನೆ. ತೆಗೆದಾಗ ಚರ್ಮದಂತಿರಬೇಕು: ಆಕಾರ ಬಿಡದು, ಆದರೆ ಒತ್ತಿದರೆ ಬಾಗುತ್ತದೆ. ಇಡೀ ಕೆಲಸದಲ್ಲಿ ಕಷ್ಟದ ಹದ ಇದೇ. ಮೆತ್ತಗಿದ್ದರೆ ಜೋತುಬೀಳುತ್ತದೆ, ಮೀರಿ ಒಣಗಿದರೆ ಮೊಗ್ಗಿಗೆ ಒತ್ತುವಾಗ ಚಟ್ಟೆನ್ನುತ್ತದೆ. ಜುಲೈನಲ್ಲಿ ಇದೇ ಹದಕ್ಕೆ ಮುಕ್ಕಾಲು ಗಂಟೆಯೂ ಬೇಕಾಗಬಹುದು, ಗಡಿಯಾರ ನೋಡಿ ಮಾಡುವಂತಿಲ್ಲ. ಅಂಟಿಸಿದ ಮೇಲೆ ಹೂವನ್ನು ತಲೆಕೆಳಗಾಗಿ ತೂಗುಹಾಕುತ್ತೇನೆ. ಎಸಳು ಕೂತ ನಂತರ ತಿರುಗಿಸಿ, ಥರ್ಮೋಕೋಲ್‌ಗೆ ಚುಚ್ಚಿ ಒಂದು ದಿನ ಬಿಡುತ್ತೇನೆ.

ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲಿ ಬರೀ ಗಾಳಿಗಿಟ್ಟರೆ ಹೂ ಒಣಗುವುದೇ ಇಲ್ಲ. ಎಸಿ ಕೋಣೆ ಅಥವಾ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇದ್ದರೆ ಒಳ್ಳೆಯದು. ಇಲ್ಲವೆಂದರೆ ಓವನ್ನಿನ ಒಳಗಿನ ದೀಪವನ್ನಷ್ಟೇ ಹಚ್ಚಿ, ಬಿಸಿ ಹಾಕದೆ, ಬಾಗಿಲು ಸ್ವಲ್ಪ ತೆರೆದು ಇಡಬಹುದು. ಆ ತಿಂಗಳುಗಳಲ್ಲಿ 100 ಗ್ರಾಂ ಹಿಟ್ಟಿಗೆ ಕಾಲು ಟೀ ಚಮಚ ಟೈಲೋಸ್ ಹೆಚ್ಚು ನಾದುವುದೂ ಸಹಾಯ ಮಾಡುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ಹಿಟ್ಟು ಒರಟಾಗುತ್ತದೆ.

ಬಣ್ಣವನ್ನು ಹಿಟ್ಟಿಗೆ ತಿಳಿಯಾಗಿ ಬೆರೆಸಿ, ಗಾಢತೆಯನ್ನು ಒಣಗಿದ ಮೇಲೆ ಪುಡಿಬಣ್ಣದಲ್ಲಿ ಕೊಡುತ್ತೇನೆ. ಜೆಲ್ ಬಣ್ಣ ಹೆಚ್ಚಾದರೆ ಹಿಟ್ಟು ಅಂಟಂಟಾಗುತ್ತದೆ, ಕಡುಗೆಂಪಿನಲ್ಲಿ ಈ ತೊಂದರೆ ಹೆಚ್ಚು. ಪುಡಿಯನ್ನು ಒಣ ಬ್ರಷ್ಷಿನಲ್ಲಿ ಅಂಚಿನಿಂದ ಒಳಕ್ಕೆ ಎಳೆಯಬೇಕು. ಆಮೇಲೆ ಕುದಿಯುವ ನೀರಿನ ಹಬೆಯಲ್ಲಿ ಎರಡು ಮೂರು ಸೆಕೆಂಡು ತಿರುಗಿಸಿದರೆ ಪುಡಿ ಹಿಡಿದುಕೊಳ್ಳುತ್ತದೆ, ಹೂವಿನ ಸುಣ್ಣದಂತಹ ಬಿಳಚು ಹೋಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಸಕ್ಕರೆ ಕರಗಿ ಹೊಳಪು ಬಂದು ಎಸಳು ಬಾಡುತ್ತದೆ. ಪುಡಿಯ ಡಬ್ಬಿಯ ಮೇಲೆ ಬರೀ ‘ನಾನ್-ಟಾಕ್ಸಿಕ್’ ಎಂದಿದ್ದರೆ ಅದು ತಿನ್ನುವ ಬಣ್ಣ ಎಂದರ್ಥವಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಎರಡೂ ಇರುವುದನ್ನೇ ಕೊಳ್ಳಿ.

ಗುಲಾಬಿಗಳ ನಡುವೆ ತುಂಬಲು ಮಲ್ಲಿಗೆ ಮೊಗ್ಗಿನಷ್ಟು ಚೆನ್ನಾದದ್ದು ನನಗೆ ಬೇರೆ ಸಿಕ್ಕಿಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರನ್ನು ತಂತಿಗೆ ಚುಚ್ಚಿ, ಬೆರಳುಗಳ ನಡುವೆ ಹೊಸೆದು, ಬುಡಕ್ಕೆ ತಿಳಿ ಹಸಿರು ಸವರಿದರೆ ಮುಗಿಯಿತು. ಕಟ್ಟರ್ ಬೇಡ, ಹಿಟ್ಟೂ ಹೆಚ್ಚು ಬೇಡ.

ಒಣಗಿದ ಹೂವನ್ನು ಫ್ರಿಜ್ಜಿನಲ್ಲಿ ಇಡಬಾರದು. ರಟ್ಟಿನ ಡಬ್ಬದಲ್ಲಿ, ಬೆಳಕು ಬೀಳದ ಕಡೆ ಇಡುತ್ತೇನೆ. ಗುಲಾಬಿ, ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಕರಾವಳಿಯಲ್ಲಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾಗಿ ಮುಚ್ಚುವುದು ಮೇಲು. ಇಲ್ಲಿ ಹೆಚ್ಚಾಗಿ ಬೇಡಿಕೆಯಿರುವುದು ವಿಪ್ಡ್ ಕ್ರೀಮ್ ಕೇಕಿಗೆ. ಅದು ಹೂವಿಗೆ ದೊಡ್ಡ ಶತ್ರು. ಕ್ರೀಮ್ ತಾಗಿದ ಎಸಳು ಕರಗುತ್ತದೆ, ತಣ್ಣನೆಯ ಕೇಕ್ ಹೊರಗೆ ಬಂದಾಗ ನೀರಾಡಿ ಬಣ್ಣ ಇಳಿಯುತ್ತದೆ. ಅದಕ್ಕೆ ಹೂವನ್ನು ಬೇರೆ ಡಬ್ಬದಲ್ಲಿ ಒಯ್ದು, ಕೇಕ್ ಮೇಜಿಗೆ ಬಂದ ಮೇಲೆ ಅಡಿಯಲ್ಲಿ ತೆಳು ಚಾಕೊಲೇಟ್ ಬಿಲ್ಲೆ ಇಟ್ಟು ಕೂರಿಸುತ್ತೇನೆ. ತಂತಿಯಾಗಲಿ ಅದಕ್ಕೆ ಸುತ್ತುವ ಹಸಿರು ಟೇಪಾಗಲಿ ಕೇಕಿಗೆ ನೇರ ತಾಗಬಾರದು. ದಪ್ಪ ಸ್ಟ್ರಾ ಕತ್ತರಿಸಿ, ಕೆಳತುದಿಯನ್ನು ಕರಗಿದ ಚಾಕೊಲೇಟ್‌ನಲ್ಲಿ ಮುಚ್ಚಿ, ತಂತಿಯನ್ನು ಅದರೊಳಗಿಟ್ಟು ಚುಚ್ಚುತ್ತೇನೆ. ಕತ್ತರಿಸುವ ಮೊದಲು ಹೂಗಳನ್ನು ತೆಗೆಯಬೇಕೆಂದು, ಒಟ್ಟು ಎಷ್ಟು ಸ್ಟ್ರಾ ಇವೆಯೆಂದು ಚೀಟಿ ಬರೆದು ಕೇಕಿನ ಡಬ್ಬದ ಮುಚ್ಚಳಕ್ಕೆ ಅಂಟಿಸುತ್ತೇನೆ.