ನಿಧಾನವಾದ ಲ್ಯಾಪ್‌ಟಾಪ್‌ಗೆ ಸೆಕೆಯೋ, ರ‍್ಯಾಮ್ ಕೊರತೆಯೋ?

ರಾಯಚೂರಿನಲ್ಲಿ ಏಪ್ರಿಲ್ ಕಾಲಿಟ್ಟಿತೆಂದರೆ ನನ್ನ ದುರಸ್ತಿ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಳು ಸಾಲುಗಟ್ಟುತ್ತವೆ. ಒಮ್ಮೆ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ತೆವಳುತ್ತಿದ್ದ ಲ್ಯಾಪ್‌ಟಾಪ್ ಹಿಡಿದು ತಂದೆಯೊಂದಿಗೆ ಬಂದಳು. ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸಿರುವ ಮುಖ್ಯ ಹಲಗೆ) ಹೋಗಿದೆ ಎಂದು ಬೇರೆಡೆ ಹೇಳಿದ್ದರಂತೆ. ಹತ್ತಿ ಮಾರಿದ ಹಣದಲ್ಲಿ ಹೊಸದನ್ನೇ ಕೊಳ್ಳಲು ಆತ ಸಿದ್ಧರಾಗಿದ್ದರು. ತಳ ಬಿಚ್ಚಿ ನೋಡಿದರೆ, ಫ್ಯಾನಿಗೂ ಬಿಸಿಗಾಳಿ ಹೊರಹೋಗುವ ಜಾಲರಿಗೂ ನಡುವೆ ಹತ್ತಿಯ ಎಳೆ, ಧೂಳು ಸೇರಿ ಕಂಬಳಿಯ ಚೂರಿನಂತೆ ಹೆಪ್ಪುಗಟ್ಟಿತ್ತು. ಅದನ್ನು ತೆಗೆದ ಮೇಲೆ ಯಂತ್ರ ಸರಾಗವಾಗಿ ಓಡಿತು. ಅಂದಿನಿಂದ ಯಾರೇ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಧಾನವಾಗುವುದು ಯಾವಾಗ?

ಆನ್ ಮಾಡಿದಾಗ ಚುರುಕಾಗಿದ್ದು, ಇಪ್ಪತ್ತು ನಿಮಿಷ ಕಳೆದ ಮೇಲೆ ಫ್ಯಾನ್ ಕಿರುಚುತ್ತಾ ತೆವಳತೊಡಗಿದರೆ ಅದು ಬಹುಮಟ್ಟಿಗೆ ಶಾಖದ ತೊಂದರೆ. ಲೆಕ್ಕಾಚಾರವೆಲ್ಲ ನಡೆಯುವ ಚಿಪ್, ಅಂದರೆ ಪ್ರೊಸೆಸರ್, ನೂರು ಡಿಗ್ರಿಯ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಯಂತ್ರ ತಣ್ಣಗಿದ್ದೂ ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದೊಡನೆ ಸಿಕ್ಕಿಹಾಕಿಕೊಂಡರೆ ರ‍್ಯಾಮ್ (ತೆರೆದ ಕೆಲಸಗಳನ್ನು ಯಂತ್ರ ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಸಾಲುತ್ತಿಲ್ಲ ಎಂದು ಅನುಮಾನಿಸಿ.

ಅನುಮಾನ ಪರಿಹರಿಸಿಕೊಳ್ಳಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ನೋಡಿ. ನಿಮ್ಮ ದಿನನಿತ್ಯದ ಕೆಲಸ ನಡೆಯುತ್ತಿರುವಾಗಲೇ ಅದು ಸದಾ ಶೇ 85 ದಾಟಿರುತ್ತಿದ್ದರೆ ರ‍್ಯಾಮ್ ಹೆಚ್ಚಿಸುವುದು ಸಾರ್ಥಕ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎನ್ನುತ್ತಾರೆ. ಅಷ್ಟರಲ್ಲಿ ಅದು ಎದ್ದು ಕೂರುತ್ತದೆ, ನಡೆಯುವುದಿಲ್ಲ. ಪಾಠ, ಪತ್ರವ್ಯವಹಾರ, ಆನ್‌ಲೈನ್ ಅರ್ಜಿಗಳಿಗೆ 8 ಜಿಬಿ ಬೇಕು. ಪ್ರೋಗ್ರಾಮಿಂಗ್, ವಿಡಿಯೊ ಎಡಿಟಿಂಗ್ ಮಾಡುವವರು 16 ಜಿಬಿಗೆ ಹೋಗಲಿ. ಅದಕ್ಕಿಂತ ಹೆಚ್ಚಿನದನ್ನು ಬರೀ ಬ್ರೌಸರ್ ನೋಡುವವರಿಗೆ ನಾನು ಮಾರುವುದಿಲ್ಲ.

ಕೊಳ್ಳುವ ಮುನ್ನ ಅದೇ ಪರದೆಯಲ್ಲಿ ಎಷ್ಟು ಸ್ಲಾಟ್ (ರ‍್ಯಾಮ್ ಕೂರಿಸುವ ಜಾಗ) ಬಳಕೆಯಲ್ಲಿವೆ ಎಂಬುದನ್ನೂ ಗಮನಿಸಿ. ಡಿಡಿಆರ್ 4 ಎಂಬ ಪೀಳಿಗೆಯ ರ‍್ಯಾಮ್ ಇರುವ ಜಾಗದಲ್ಲಿ ಮುಂದಿನ ಪೀಳಿಗೆಯ ಡಿಡಿಆರ್ 5 ಕೂರುವುದೇ ಇಲ್ಲ, ಅದರ ಕಚ್ಚು ಬೇರೆ ಕಡೆ ಇದೆ. ತೆಳುವಾದ ಅನೇಕ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದನ್ನು ಕೊಳ್ಳುವಾಗಲೇ ಮುಂದಿನ ನಾಲ್ಕು ವರ್ಷ ಯೋಚಿಸಬೇಕು. ಇನ್ನು ಹಳೆಯ ಹಾರ್ಡ್ ಡಿಸ್ಕ್ ಇದ್ದವರು ರ‍್ಯಾಮ್ ಜೊತೆಗೆ, ಹಾರ್ಡ್ ಡಿಸ್ಕಿನ ಕೆಲಸವನ್ನೇ ಬಹಳ ವೇಗವಾಗಿ ಮಾಡುವ ಎಸ್‌ಎಸ್‌ಡಿಯನ್ನೂ ಹಾಕಿಸಿ. ರ‍್ಯಾಮ್ ತುಂಬಿದಾಗ ಯಂತ್ರ ಡಿಸ್ಕನ್ನೇ ನೆರವಿಗೆ ಕರೆಯುತ್ತದೆ. ಹಾರ್ಡ್ ಡಿಸ್ಕ್ ಆ ಓಟಕ್ಕೆ ಏಗುವುದಿಲ್ಲ.

ಈಗ ಶಾಖದ ವಿಚಾರ. ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಕೋಣೆಗೆಂದು ರೂಪಿಸಿರುತ್ತಾರೆ. ನಮ್ಮೂರ ಮೇ ತಿಂಗಳು 40 ದಾಟುತ್ತದೆ. ಇಂಥಲ್ಲಿ ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ತಳದಲ್ಲಿರುವ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿ ಹಲಗೆಯ ಮೇಲಿಡಿ, ಹಿಂದಿನ ಎರಡು ಮೂಲೆಗಳ ಕೆಳಗೆ ಬೆರಳು ದಪ್ಪದ ಮರದ ತುಂಡು ಕೊಡಿ. ನೀರಿನ ಕೂಲರ್‌ನ ಎದುರಿಗೆ ಮಾತ್ರ ಇಡಬೇಡಿ, ಆ ಗಾಳಿಯೊಂದಿಗೆ ತೇವವೂ ಒಳಹೋಗುತ್ತದೆ.

ವರ್ಷಕ್ಕೊಮ್ಮೆ, ಹತ್ತಿಯ ಸುಗ್ಗಿ ಮುಗಿದ ಮೇಲೆ, ಒಳಗಿನ ಧೂಳು ತೆಗೆಸಿ. ನೀವೇ ಮಾಡುವುದಾದರೆ ಚಾರ್ಜರ್ ಕಿತ್ತು, ಪೂರ್ತಿ ಆಫ್ ಮಾಡಿ, ತಳ ಬಿಚ್ಚಿದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ. ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಶಾಖವನ್ನು ಹೊರಕ್ಕೆ ದಾಟಿಸುವ ಲೇಪ) ಒಣಗಿರಬಹುದು. ಅದನ್ನು ಬದಲಿಸಲು ಕೈ ಪಳಗಿದವರ ಬಳಿ ಕೊಡಿ.

ಬಿಸಿಯಲ್ಲಿ ಬಹಳ ದಿನ ದುಡಿದ ಬ್ಯಾಟರಿ ಕೆಲವೊಮ್ಮೆ ಊದಿಕೊಳ್ಳುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ತಳದ ಮುಚ್ಚಳ ಬಾಯಿ ಬಿಟ್ಟಿದ್ದರೆ, ಅದನ್ನು ಮತ್ತೆ ಒತ್ತಿ ಕೂರಿಸಲು ಹೋಗಬೇಡಿ. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಅಂದೇ ದುರಸ್ತಿಗೆ ತನ್ನಿ.