ಗಾಜಿನ ಕೋಣೆಯಲ್ಲಿ ಫ್ಲ್ಯಾಶ್ ಹೊಡೆಯುವ ಮುನ್ನ

ಗಾಜಿನ ಗೋಡೆಯ ಕೋಣೆಯಲ್ಲಿ ತೆಗೆದ ಫೋಟೊ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ. ಮುಖ ಚೆನ್ನಾಗಿ ಬಂದಿರುತ್ತದೆ, ಕಿವಿಯ ಪಕ್ಕದ ಗಾಜಿನಲ್ಲಿ ಫ್ಲ್ಯಾಶ್ ಬೆಳ್ಳಗೆ ಉರಿಯುತ್ತಿರುತ್ತದೆ. ಪವರ್ ಇಳಿಸಿದರೂ ಅದು ಹೋಗುವುದಿಲ್ಲ, ಜೊತೆಗೆ ಮುಖವೂ ಕಪ್ಪಾಗುತ್ತದೆ. ಫ್ಲ್ಯಾಶನ್ನು ಬೇರೆ ಕಡೆ ಇಡಬೇಕು. ಹಾಗಾಗಿ ಕ್ಯಾಮೆರಾ ತಲೆಯ ಮೇಲಿಂದ ಅದನ್ನು ಮೊದಲು ಬಿಚ್ಚಿ, ದೂರದಿಂದಲೇ ಫ್ಲ್ಯಾಶ್ ಹೊಡೆಸುವ ಟ್ರಿಗರ್ ಹಾಕಿ ಸ್ಟ್ಯಾಂಡಿಗೇರಿಸಿ.

1. ಫ್ಲ್ಯಾಶ್ ಆಫ್ ಮಾಡಿ ಹೊರಗಿನ ದೃಶ್ಯಕ್ಕೆ ಎಕ್ಸ್‌ಪೋಷರ್ (ಫೋಟೊಗೆ ಬೀಳುವ ಬೆಳಕಿನ ಪ್ರಮಾಣ) ಹಿಡಿಯಿರಿ. ಮ್ಯಾನ್ಯುವಲ್ ಮೋಡ್, ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಶಟರ್ 1/200 ಸೆಕೆಂಡ್, ಎಫ್/8ರಿಂದ ಶುರು ಮಾಡಿ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಹೊಂದಿಸಿ. ಶಟರ್ ಇನ್ನೂ ವೇಗವಾದರೆ ಹಲವು ಕ್ಯಾಮೆರಾಗಳಲ್ಲಿ ಚಿತ್ರದ ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ.

2. ವ್ಯಕ್ತಿಯನ್ನು ಗಾಜಿನಿಂದ ಎರಡು ಮೀಟರ್ ಮುಂದೆ ನಿಲ್ಲಿಸಿ. ಒರಗಿ ನಿಂತರೆ ತಲೆಯ ಹಿಂಭಾಗವೂ ಗಾಜಿನಲ್ಲಿ ಮೂಡುತ್ತದೆ.

3. ಕೆಲಸ ಕೆಡುವುದು ಇಲ್ಲೇ, ಅವಸರ ಬೇಡ. ಗಾಜಿಗೆ ನೇರ ಮುಖಮಾಡಿ ನಿಲ್ಲದೆ ಓರೆಯಾಗಿ ನಿಲ್ಲಿ. ಬಲಕ್ಕೆ ತಿರುಗಿ ಗಾಜನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ: ಗಾಜಿನಲ್ಲಿ ಕಾಣುವುದು ಕೋಣೆಯ ಬಲಭಾಗ. ಹಾಗಾದರೆ ಫ್ಲ್ಯಾಶ್ ನಿಮ್ಮ ಎಡಕ್ಕಿರಬೇಕು. ಈಗ ಫ್ಲ್ಯಾಶ್ ಇಡುವ ಜಾಗದಲ್ಲಿ ಯಾರಾದರೂ ಮೊಬೈಲ್ ಟಾರ್ಚ್ ಹಚ್ಚಿ, ಅದೇ ಎತ್ತರಕ್ಕೆ ಹಿಡಿಯಲಿ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ. ಟಾರ್ಚಿನ ಚುಕ್ಕೆ ಫ್ರೇಮಿನೊಳಗೆ ಕಂಡರೆ ಫ್ಲ್ಯಾಶೂ ಅಲ್ಲೇ ಕಾಣುತ್ತದೆ. ಕ್ಯಾಮೆರಾ, ಫ್ಲ್ಯಾಶ್ ಎರಡೂ ಗಾಜಿನಿಂದ ಒಂದೇ ದೂರದಲ್ಲಿದ್ದರೆ, ಫ್ಲ್ಯಾಶನ್ನು ಒಂದು ಮೀಟರ್ ಸರಿಸಿದಾಗ ಚುಕ್ಕೆ ಗಾಜಿನ ಮೇಲೆ ಸರಿಯುವುದು ಅರ್ಧ ಮೀಟರ್ ಮಾತ್ರ. ‘ಸ್ವಲ್ಪ ಆಚೆ ಇಟ್ಟೆ, ಆದರೂ ಬಂತು’ ಎನ್ನುವವರು ಈ ಲೆಕ್ಕ ತಪ್ಪಿರುತ್ತಾರೆ. ಎತ್ತರಕ್ಕೂ ಇದೇ ಲೆಕ್ಕ.

ಎರಡು ಗಾಜಿನ ಗೋಡೆ ಸೇರುವ ಮೂಲೆ ಇನ್ನೂ ಕಷ್ಟ. ಗೋಡೆಗಳು 90 ಡಿಗ್ರಿಯಲ್ಲಿದ್ದರೆ ಬೆಳಕು ಎರಡಕ್ಕೂ ಬಡಿದು ಬಂದ ದಿಕ್ಕಿಗೇ ಮರಳುತ್ತದೆ. ಕ್ಯಾಮೆರಾ ಮೇಲಿನ ಫ್ಲ್ಯಾಶಾದರೆ ನೀವು ಎತ್ತ ಸರಿದರೂ ಚುಕ್ಕೆ ಮೂಲೆ ಬಿಡುವುದಿಲ್ಲ. ಮೂಲೆಯನ್ನೇ ಫ್ರೇಮಿನಿಂದ ಹೊರಗಿಡಿ, ಇಲ್ಲವೇ ವ್ಯಕ್ತಿಯ ಬೆನ್ನ ಹಿಂದೆ ಅಡಗಿಸಿ.

ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿಸುವ ಬಿಳಿ ಬಟ್ಟೆಯ ಪೆಟ್ಟಿಗೆ) ಹಾಕಿದರೆ ಪ್ರತಿಬಿಂಬ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಹೋಗುವುದಿಲ್ಲ, ಚುಕ್ಕೆಯ ಬದಲು ದೊಡ್ಡ ಬಿಳಿ ಚೌಕ ಬರುತ್ತದೆ. ಫ್ಲ್ಯಾಶಿನ ತಲೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಡೋಮ್ ಇಂಥ ಕೋಣೆಗೆ ತರಲೇಬೇಡಿ, ಅದು ಬೆಳಕನ್ನು ಸುತ್ತಲೂ ಚೆಲ್ಲುತ್ತದೆ, ಎಲ್ಲ ಗಾಜಿಗೂ ಬಡಿಯುತ್ತದೆ. ಬೆನ್ನ ಹಿಂದಿನ ಗೋಡೆಗೆ ಬೆಳಕು ಹೊಡೆದು ಮರಳಿಸುವ, ಅಂದರೆ ಬೌನ್ಸ್ ಮಾಡುವ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಆ ಗೋಡೆಯೂ ಗಾಜಾಗಿದ್ದರೆ ಬೆಳಕಿನ ಬಹುಪಾಲು ಹೊರಗೆ ಹೋಯಿತು. ಬಿಳಿ ಸೀಲಿಂಗ್ ಇದ್ದರೆ ಅದಕ್ಕೆ ಹೊಡೆಯಿರಿ, ಇಲ್ಲದಿದ್ದರೆ ಬಿಳಿ ಥರ್ಮಾಕೋಲ್ ಹಾಳೆಗೆ. ಫ್ಲ್ಯಾಶಿನ ಗಾಜಿನ ಕಡೆಯ ಪಕ್ಕಕ್ಕೆ ಅಂಗೈಗಿಂತ ದೊಡ್ಡ ಕಪ್ಪು ಫೋಮ್ ತುಂಡನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಹೊಳಪಿನ ಕಪ್ಪು ಕಾಗದ ಬೇಡ.

ಪ್ರತಿಬಿಂಬ ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಎಲ್ಲಕ್ಕೂ ಮದ್ದಲ್ಲ. ಗಾಜಿನ ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಿಂದ ನೋಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ನೇರ ಎದುರಿಗೆ ನಿಂತರೆ ಏನೂ ಇಲ್ಲ. ಒಂದೂವರೆ-ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ). ಟೆಂಪರ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಾದರೆ ಕೆಲವೊಮ್ಮೆ ಬಣ್ಣಬಣ್ಣದ ಮಚ್ಚೆಗಳನ್ನೂ ಎಬ್ಬಿಸುತ್ತದೆ.

4. ಈಗ ಫ್ಲ್ಯಾಶ್ ಆನ್ ಮಾಡಿ, ಮ್ಯಾನ್ಯುವಲ್‌ನಲ್ಲಿ ಪೂರ್ತಿ ಪವರ್‌ನ 1/8ಕ್ಕಿಡಿ. ಮುಖ ಕಪ್ಪಾದರೆ 1/4, ಬೆಳ್ಳಗಾದರೆ 1/16. ಕ್ಯಾಮೆರಾ ತಾನೇ ಪವರ್ ನಿರ್ಧರಿಸುವ ಟಿಟಿಎಲ್ ಮೋಡ್ ಬೇಡವೇ ಬೇಡ: ಅಳತೆಗೆಂದು ಮೊದಲು ಮಿನುಗುವ ಬೆಳಕು ಗಾಜಿನಿಂದ ಮರಳಿದರೆ, ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾ ಪವರ್ ಇಳಿಸಿಬಿಡುತ್ತದೆ.

5. ಗಾಜಿಗೆ ಹಸಿರು ಛಾಯೆಯಿದ್ದರೆ ಫ್ಲ್ಯಾಶಿಗೂ ತೆಳು ಹಸಿರು ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ, ಆ ಬೆಳಕಿನಲ್ಲೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಿಕೆ) ಹಿಡಿಯಿರಿ. ಮುಖ, ಹೊರಗಿನ ದೃಶ್ಯ ಎರಡೂ ಸರಿಹೋಗುತ್ತವೆ.

ರಾತ್ರಿಯಾದರೆ ಗಾಜು ಪೂರ್ತಿ ಕನ್ನಡಿ. ಕೋಣೆಯ ದೀಪ ಆರಿಸಿ, ಕಪ್ಪು ಬಟ್ಟೆ ತೊಟ್ಟು ನಿಲ್ಲಿ, ಹೊರಗಿನ ದೀಪಗಳಿಗಾಗಿ ಶಟರ್ 1/30ಕ್ಕೆ ಇಳಿಸಿ.

ಇಷ್ಟಾದರೂ ಚುಕ್ಕೆ ಬಿಡದಿದ್ದರೆ ಒಂದು ಅಡ್ಡದಾರಿ ಉಂಟು. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ. ಫೋಟೊ ತೆಗೆದ ತಕ್ಷಣ ಏನನ್ನೂ ಅಲುಗಿಸದೆ ಫ್ಲ್ಯಾಶ್ ಆರಿಸಿ ಇನ್ನೊಂದು ಕ್ಲಿಕ್ ಮಾಡಿ. ಚುಕ್ಕೆಯಿದ್ದ ಕಡೆ ಎರಡನೆಯ ಫೋಟೊದ ಗಾಜನ್ನು ಎಡಿಟಿಂಗ್‌ನಲ್ಲಿ ಕೂರಿಸಬಹುದು. ಚುಕ್ಕೆ ಕೂದಲಿನ ಅಂಚಿಗೇ ತಾಗಿ ಬಿದ್ದಿದ್ದರೆ ಮಾತ್ರ ಮೂರನೇ ಹಂತಕ್ಕೆ ವಾಪಸ್.